ವೈರಸ್ ಹೋಯಿತು, ಬಾಗಿಲು ತೆರೆದೇ ಇದೆ

ಮನೆಯ ಕಂಪ್ಯೂಟರಿಗೆ ಹೊಕ್ಕ ಕುತಂತ್ರಾಂಶವನ್ನು ಹೊರಗೆ ಹಾಕುವುದು ಅರ್ಧ ಕೆಲಸ. ಅದು ಬಂದ ದಾರಿಯನ್ನು ಹುಡುಕಿ ಮುಚ್ಚುವುದು ಉಳಿದರ್ಧ.

2025ರ ನವೆಂಬರ್‌ನಲ್ಲಿ ಬೆಳಗಾವಿ ನಗರ ಪೊಲೀಸರು ಬಾಕ್ಸೈಟ್ ರಸ್ತೆಯ ಕಟ್ಟಡವೊಂದರ ಮೇಲೆ ದಾಳಿ ಮಾಡಿ 33 ಜನರನ್ನು ಬಂಧಿಸಿದರು. ಒಳಗೆ ನಡೆಯುತ್ತಿದ್ದದ್ದು ನಕಲಿ ಕಾಲ್ ಸೆಂಟರ್. ಅಲ್ಲಿ ಕುಳಿತವರು ಫೋನಿನಲ್ಲಿ ಮರುಳು ಮಾಡುತ್ತಿದ್ದುದು ಸಾವಿರಾರು ಮೈಲಿ ದೂರದ ಅಮೆರಿಕದ ನಾಗರಿಕರನ್ನು ಎಂದು ಪೊಲೀಸರು ಹೇಳಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಸುಲಿದವರ ಕಾಟ ತಾಳಲಾರದೆ ವೃದ್ಧ ದಂಪತಿ ಪ್ರಾಣ ಬಿಟ್ಟರು. ಸೈಬರ್ ವಂಚನೆ ಬೆಂಗಳೂರಿನ ಐಟಿ ಮಂದಿಯ ತಲೆನೋವು, ನಮಗೇನು ಎಂದುಕೊಂಡಿದ್ದವರ ಕಣ್ಣು ತೆರೆಸಲು ಈ ಎರಡು ಸುದ್ದಿ ಸಾಕು.

ಠಾಣೆಯ ಮೆಟ್ಟಿಲು ಹತ್ತದ, ಪತ್ರಿಕೆಯಲ್ಲೂ ಬಾರದ ಇನ್ನೊಂದು ಕಾಟವಿದೆ. ಹಾಲ್‌ನ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಕಂಪ್ಯೂಟರ್, ಮಕ್ಕಳ ಪ್ರಾಜೆಕ್ಟಿಗೆಂದು ಕೊಂಡ ಲ್ಯಾಪ್‌ಟಾಪ್, ಅಂಗಡಿಯ ಜಿಎಸ್‌ಟಿ ಲೆಕ್ಕದ ಯಂತ್ರ ಇವೆಲ್ಲ ಒಂದು ದಿನ ಇದ್ದಕ್ಕಿದ್ದಂತೆ ತೆವಳತೊಡಗುತ್ತವೆ. ಬ್ರೌಸರ್ ತೆರೆದರೆ ಯಾವುದೋ ಜೂಜಿನ ಜಾಹೀರಾತು. ಮೂಲೆಯಲ್ಲಿ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಕೆಂಪು ಪಟ್ಟಿ. ಆಗ ನಮಗೆ ಗೊತ್ತಿರುವ ಮದ್ದು ಒಂದೇ, ಅಂಗಡಿಗೆ ಒಯ್ದು ‘ಫಾರ್ಮ್ಯಾಟ್ ಹೊಡೆಸುವುದು’. ಒಂದೆರಡು ದಿನ ಬಿಟ್ಟು ಕಂಪ್ಯೂಟರ್ ಹೊಸದಾಗಿ ಮನೆಗೆ ಬರುತ್ತದೆ. ಒಂದೆರಡು ತಿಂಗಳು ಬಿಟ್ಟು ವೈರಸ್ಸೂ ಬರುತ್ತದೆ.

ಬರದೇ ಏನು ಮಾಡೀತು? ಖಾನಾಪುರದ ಮಳೆಗಾಲದಲ್ಲಿ ಒಡೆದ ಹಂಚು ಬದಲಿಸದೆ ನೆಲವನ್ನಷ್ಟೇ ಒರೆಸಿದಂತೆ ನಾವು ಕಂಪ್ಯೂಟರ್ ಸ್ವಚ್ಛ ಮಾಡುತ್ತಿದ್ದೇವೆ. ಮನೆಯ ಕಂಪ್ಯೂಟರಿಗೆ ತಗಲುವ ಕುತಂತ್ರಾಂಶಗಳಲ್ಲಿ ಹೆಚ್ಚಿನವು ಗೋಡೆ ಒಡೆದು ಬಂದವಲ್ಲ, ಮನೆಯವರೇ ಬಾಗಿಲು ತೆಗೆದು ಕರೆದುಕೊಂಡವು. ನಮ್ಮ ಕಡೆ ಅಂಥ ಬಾಗಿಲುಗಳು ಮುಖ್ಯವಾಗಿ ಮೂರು.

ಬಸ್ ಹತ್ತುವ ಪೆನ್‌ಡ್ರೈವ್

ಖಾನಾಪುರದಿಂದ ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಬೆಳಗಿನ ಬಸ್ಸು, ರೈಲುಗಳಲ್ಲಿ ಕಾಲೇಜು ಹುಡುಗರು ನಗರಕ್ಕೆ ಬರುತ್ತಾರೆ, ಸಂಜೆ ಮರಳುತ್ತಾರೆ. ಅವರ ಜೊತೆ ಪೆನ್‌ಡ್ರೈವ್‌ಗಳೂ ಓಡಾಡುತ್ತವೆ. ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಕ್ಕಿದರೆ ಸಿಕ್ಕಿತು. ದೊಡ್ಡ ಫೈಲ್ ಕಳಿಸಬೇಕೆಂದರೆ ಇಂದಿಗೂ ಪೆನ್‌ಡ್ರೈವೇ ಗತಿ. ಝೆರಾಕ್ಸ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತುಕತೆ ಕಿವಿಗೆ ಬೀಳುತ್ತದೆ:

“ಅಣ್ಣಾರ, ಇದರಾಗಿನ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತಗದ ಕೊಡ್ರಿ.”

“ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗ್ಯಾವಲ್ಲೋ ತಮ್ಮಾ. ವೈರಸ್ ಐತಿ. ಫಾರ್ಮ್ಯಾಟ್ ಹೊಡಿಯಲೇನು?”

“ಬ್ಯಾಡ್ರೀ ಅಣ್ಣಾರ! ನಾಳೆ ಸಬ್ಮಿಷನ್ ಐತಿ, ಮತ್ತೆಲ್ಲೂ ಕಾಪಿ ಇಲ್ರಿ.”

ಹುಡುಗನ ರಿಪೋರ್ಟ್ ಎಲ್ಲೂ ಹೋಗಿಲ್ಲ. ಈ ಜಾತಿಯ ವೈರಸ್ ಮೂಲ ಫೋಲ್ಡರ್‌ಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಅದೇ ಹೆಸರಿನ, ಒಂದೆರಡು ಕೆಬಿ ಗಾತ್ರದ ಶಾರ್ಟ್‌ಕಟ್‌ಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತದೆ. ಚಿತ್ರ ಫೋಲ್ಡರಿನದೇ, ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತು ಮಾತ್ರ ಹೆಚ್ಚು. ಅದನ್ನು ಒತ್ತಿದರೆ ಮೊದಲು ಓಡುವುದು ಪೆನ್‌ಡ್ರೈವಿನೊಳಗೆ ಅಡಗಿದ ವೈರಸ್, ಆಮೇಲೆ ತೆರೆದುಕೊಳ್ಳುವುದು ನಿಜವಾದ ಫೋಲ್ಡರ್. ಫೈಲ್ ಕಂಡಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ವೈರಸ್ ಕಂಪ್ಯೂಟರಿಗೆ ಇಳಿದಿರುತ್ತದೆ. ಮುಂದೆ ಆ ಕಂಪ್ಯೂಟರಿಗೆ ಯಾರು ಪೆನ್‌ಡ್ರೈವ್ ಚುಚ್ಚಿದರೂ ಅದಕ್ಕೂ ಅಂಟುತ್ತದೆ. ದಿನಕ್ಕೆ ನೂರಾರು ಪೆನ್‌ಡ್ರೈವ್ ಕಾಣುವ ಅಂಗಡಿಯ ಒಂದು ಯಂತ್ರಕ್ಕೆ ತಗಲಿದರೆ ಅದು ತಾಲ್ಲೂಕಿಗೆಲ್ಲ ಹಂಚಿತೆಂದೇ ಲೆಕ್ಕ.

ಕೈಯಿಂದ ಕೈಗೆ ದಾಟುವ ಈ ಚಾಳಿ ಹಳೆಯದು. ಪಿಸಿಗಳ ಮೊದಲ ವೈರಸ್ ಎನ್ನಲಾಗುವ ‘ಬ್ರೇನ್’ 1986ರಲ್ಲಿ ಲಾಹೋರ್‌ನ ಇಬ್ಬರು ಅಣ್ಣತಮ್ಮಂದಿರ ಅಂಗಡಿಯಿಂದ ಹೊರಟು ಫ್ಲಾಪಿ ಡಿಸ್ಕ್‌ಗಳ ಮೂಲಕವೇ ಲೋಕ ಸುತ್ತಿತು. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಹಿಡಿದ ದಾರಿಗಳಲ್ಲಿ ಪೆನ್‌ಡ್ರೈವೂ ಒಂದು. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಅದರೊಳಗಿನದು ತಾನಾಗಿ ಓಡುವ ‘ಆಟೊರನ್’ ಸೌಲಭ್ಯವನ್ನು ಅದು ಬಳಸಿಕೊಂಡಿತ್ತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್‌ಗಳಿಗೆ ಆ ಸೌಲಭ್ಯ ನಿಲ್ಲಿಸಿತು. ತಾನಾಗಿ ಓಡಲಾಗದ ವೈರಸ್‌ಗೆ ಈಗ ನಮ್ಮ ಬೆರಳು ಬೇಕು. ಶಾರ್ಟ್‌ಕಟ್ ಇರುವುದು ಆ ಬೆರಳಿಗಾಗಿ.

ಅಂಥ ಪೆನ್‌ಡ್ರೈವ್ ಕೈಗೆ ಬಂದರೆ ಫಾರ್ಮ್ಯಾಟ್ ಹೊಡೆಯಬೇಡಿ, ಶಾರ್ಟ್‌ಕಟ್ ಒತ್ತಲೂಬೇಡಿ. ಮೊದಲು ಸ್ಕ್ಯಾನ್ ಮಾಡಿ. ಬಳಿಕ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿ. ಆಗಲೂ ಕಾಣದಿದ್ದರೆ ‘ಫೋಲ್ಡರ್ ಆಪ್ಶನ್ಸ್’ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಗುರುತು ತೆಗೆಯಿರಿ. ಅಡಗಿದ್ದ ಫೋಲ್ಡರ್‌ಗಳು ಮಸುಕಾಗಿ ಕಾಣುತ್ತವೆ. ಅವುಗಳಿಂದ ವರ್ಡ್, ಪಿಡಿಎಫ್, ಫೋಟೊಗಳನ್ನಷ್ಟೇ ನಕಲು ಮಾಡಿಕೊಂಡು, ನಂತರ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಪ್ರಿಂಟ್‌ಗೆಂದೇ ಬೇರೆ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಒಂದೇ ಇರಲಿ. ಮನೆಗೆ ಬಂದಮೇಲೆ ಅದನ್ನು ತೆರೆಯುವ ಮುಂಚೆ ಸ್ಕ್ಯಾನ್ ಮಾಡುವ ರೂಢಿ ಇರಲಿ.

ಪುಕ್ಕಟೆ ಸಿಕ್ಕ ಕ್ರ್ಯಾಕ್

ಎರಡನೇ ಬಾಗಿಲಿನ ಹೆಸರು ಕ್ರ್ಯಾಕ್, ಅಂದರೆ ದುಡ್ಡು ಕೊಡಬೇಕಾದ ತಂತ್ರಾಂಶವನ್ನು ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳದಾರಿ. ಲಗ್ನಪತ್ರಿಕೆ, ಬ್ಯಾನರ್, ಬಿಲ್ ಪುಸ್ತಕ ಮಾಡುವ ಡಿಟಿಪಿ ಕೆಲಸಕ್ಕೆ ಕೋರೆಲ್‌ಡ್ರಾ, ಫೋಟೊಶಾಪ್ ಬೇಕೇ ಬೇಕು. ದುಡ್ಡು ಕೊಟ್ಟು ಕೊಂಡವರು ವಿರಳ. ಮನೆಯಲ್ಲೂ ಅಷ್ಟೆ: ಆಫೀಸ್, ಗೇಮು, ಕೊನೆಗೆ ವಿಂಡೋಸನ್ನೇ ‘ಆ್ಯಕ್ಟಿವೇಟರ್’ ಹಾಕಿ ಓಡಿಸುತ್ತೇವೆ. ಅದರ ಜೊತೆ ಬರುವ ಸೂಚನೆಯ ಮೊದಲ ಸಾಲು ಎಲ್ಲೆಡೆಯೂ ಒಂದೇ: ‘ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ.’ ಕಳ್ಳ ಬರುವ ಹೊತ್ತಿಗೆ ಕಾವಲುಗಾರನನ್ನು ನಾವೇ ಮನೆಗೆ ಕಳಿಸುತ್ತೇವೆ.

ಮನೆಬಳಕೆಯ ಕಂಪ್ಯೂಟರ್‌ಗಳನ್ನು ಬಹುವಾಗಿ ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಮುಖ್ಯವಾಗಿ ಕ್ರ್ಯಾಕ್‌ಗಳ ಮೂಲಕ. ಒಳಗೆ ಹೊಕ್ಕ ಅದು ಫೋಟೊ, ದಾಖಲೆಗಳಿಗೆಲ್ಲ ಬೀಗ ಹಾಕಿ, ಪ್ರತಿ ಫೈಲಿನ ಹೆಸರಿನ ಕೊನೆಗೆ ತನ್ನ ಬಾಲ ಅಂಟಿಸಿ, ಡಾಲರ್ ಕೇಳುವ ಚೀಟಿ ಇಟ್ಟು ಹೋಗುತ್ತದೆ. ಹಣ ಕೊಟ್ಟರೆ ಬೀಗ ತೆಗೆಯುತ್ತಾರೆಂಬ ಖಾತ್ರಿ ಇಲ್ಲ. 2016ರ ಜುಲೈನಲ್ಲಿ ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಹಾಗೂ ಭದ್ರತಾ ಕಂಪನಿಗಳು ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಹಲವು ಬೀಗಗಳಿಗೆ ಕೀಲಿಕೈ ಉಚಿತವಾಗಿ ಸಿಗುತ್ತದೆ. ಎಲ್ಲ ಬೀಗಗಳಿಗೂ ಸಿಗುವುದಿಲ್ಲ. ಹಾಗಾಗಿ ಬೀಗ ಬಿದ್ದ ಫೈಲುಗಳನ್ನು ಸಿಟ್ಟಿನಲ್ಲಿ ಅಳಿಸದೆ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಎತ್ತಿಡಿ. ಮುಂದೊಂದು ದಿನ ಕೀಲಿ ಸಿಕ್ಕೀತು.

ರ‍್ಯಾನ್ಸಮ್‌ವೇರ್ ಗದ್ದಲ ಮಾಡಿ ಬರುತ್ತದೆ. ಸದ್ದಿಲ್ಲದೆ ಬರುವವು ‘ಸ್ಟೀಲರ್’ಗಳು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿದ್ದೇವೆಂದು ತಾಣಗಳಿಗೆ ನೆನಪಿಸುವ ‘ಕುಕೀ’ಗಳನ್ನೂ ಕದ್ದು ಕಳಿಸುವುದೇ ಅವುಗಳ ಕೆಲಸ. ಕುಕೀ ಕಳ್ಳನ ಕೈಗೆ ಸಿಕ್ಕರೆ ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಇಲ್ಲದೆಯೇ ನಿಮ್ಮ ಜಿಮೇಲ್, ಇನ್‌ಸ್ಟಾಗ್ರಾಂ ಖಾತೆಯೊಳಗೆ ಆತ ಕುಳಿತುಕೊಳ್ಳಬಹುದು. ‘ಲುಮ್ಮಾ’ ಎಂಬ ಇಂಥ ಒಂದೇ ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡು ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಕಂಡಿತ್ತೆಂದು ಮೈಕ್ರೋಸಾಫ್ಟ್ ಹೇಳಿದೆ. ಇಂಥದ್ದು ಹೊಕ್ಕರೆ ಕಂಪ್ಯೂಟರ್ ನಿಧಾನವೂ ಆಗುವುದಿಲ್ಲ. ಗೊತ್ತಾಗುವುದು ನಿಮ್ಮ ಖಾತೆಯಿಂದ ಗೆಳೆಯರಿಗೆ ವಿಚಿತ್ರ ಸಂದೇಶ ಹೋದಾಗ.

ಉಚಿತ ತಂತ್ರಾಂಶವನ್ನೂ ಹುಡುಕುವಲ್ಲಿ ಎಚ್ಚರ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಗೆ ದುಡ್ಡು ಕೊಡಬೇಕಿಲ್ಲ. ಆದರೂ ಯಾವುದೋ ತಾಣದಲ್ಲಿ ಅದನ್ನು ಹುಡುಕಿ, ಜಾಹೀರಾತಿನ ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿ ಒತ್ತಿ, ಬೇರೇನನ್ನೋ ಇಳಿಸಿಕೊಳ್ಳುವವರಿದ್ದಾರೆ.

‘ಅಲೋ’ ಒತ್ತಿದ ತಪ್ಪಿಗೆ

ಮೂರನೆಯದು ಬ್ರೌಸರ್. ಪುಕ್ಕಟೆ ಸಿನಿಮಾ, ಕ್ರಿಕೆಟ್ ನೋಡಲು ಹೋದಾಗ ‘ಮುಂದುವರಿಯಲು ಅಲೋ ಒತ್ತಿ’ ಎನ್ನುತ್ತದೆ. ಒತ್ತಿದರೆ ಆ ತಾಣಕ್ಕೆ ನೋಟಿಫಿಕೇಶನ್ ಕಳಿಸುವ ಪರವಾನಗಿ ಸಿಗುತ್ತದೆ. ಪರದೆಯ ಮೂಲೆಯಲ್ಲಿ ಆಗಾಗ ಬರುವ ‘5 ವೈರಸ್ ಪತ್ತೆಯಾಗಿವೆ’ ಎಂಬ ಪಟ್ಟಿಗಳು ಹೆಚ್ಚಾಗಿ ಇವೇ. ಕಂಪ್ಯೂಟರಿನಲ್ಲಿ ಆಗ ವೈರಸ್ಸೇ ಇರುವುದಿಲ್ಲ. ಆ ಪಟ್ಟಿ ಒತ್ತಿದ ಮೇಲೆ ಬಂದೀತು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆದು ಅಪರಿಚಿತ ತಾಣಗಳ ಹೆಸರು ತೆಗೆದುಹಾಕಿದರೆ ಕಾಟ ಅಲ್ಲಿಗೇ ನಿಲ್ಲುತ್ತದೆ. ಇದಕ್ಕಾಗಿ ಯಾರಿಗೂ ಐದು ನೂರು ರೂಪಾಯಿ ಕೊಡಬೇಕಿಲ್ಲ.

ಕೆಲವೊಮ್ಮೆ ಇಡೀ ಪರದೆ ನೀಲಿಯಾಗಿ, ಸೈರನ್ ಕೂಗಿ, ‘ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’ ಎನ್ನುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿದರೆ ಸೈರನ್ನೂ ನಿಲ್ಲುತ್ತದೆ. ಕರೆ ಮಾಡಿದರೆ ಆ ಕಡೆಯವನು ‘ಎನಿಡೆಸ್ಕ್’ನಂಥ ಆ್ಯಪ್ ಹಾಕಿಸಿ ನಿಮ್ಮ ಕಂಪ್ಯೂಟರನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಆ್ಯಪ್ ಒಳ್ಳೆಯದೇ, ಅದನ್ನು ಹಿಡಿದ ಕೈ ಕೆಟ್ಟದ್ದು.

2024ರಿಂದೀಚೆಗೆ ಹಬ್ಬಿದ ಹೊಸ ತಂತ್ರ ಇನ್ನೂ ನಾಜೂಕು. ‘ನೀವು ರೋಬೊ ಅಲ್ಲವೆಂದು ಸಾಬೀತುಪಡಿಸಿ’ ಎಂಬ ಪರಿಚಿತ ಚೌಕ ಕಾಣುತ್ತದೆ. ಒತ್ತಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಗುಂಡಿಯೊಂದಿಗೆ ‘ಆರ್’ ಒತ್ತಿ, ಕಂಟ್ರೋಲ್‌ನೊಂದಿಗೆ ‘ವಿ’ ಒತ್ತಿ, ಎಂಟರ್ ಒತ್ತಿ. ಅಷ್ಟರೊಳಗೆ ಆ ಪುಟ ಒಂದು ಆಜ್ಞೆಯನ್ನು ನಿಮಗೆ ತಿಳಿಯದಂತೆ ಕ್ಲಿಪ್‌ಬೋರ್ಡಿಗೆ ನಕಲು ಮಾಡಿರುತ್ತದೆ. ಎಂಟರ್ ಒತ್ತುವವರು ನೀವೇ ಆದ್ದರಿಂದ ಅದು ನಿಮ್ಮದೇ ಅಪ್ಪಣೆಯಂತೆ ಓಡಿ ಸ್ಟೀಲರ್ ಇಳಿಸುತ್ತದೆ. ಯಾವ ನಿಜವಾದ ಕ್ಯಾಪ್ಚಾವೂ ಹೀಗೆ ಕೀಲಿಗಳನ್ನು ಒತ್ತಿಸುವುದಿಲ್ಲ.

ಜ್ವರವೋ, ವಯಸ್ಸೋ?

ನಿಧಾನವಾದ ಕಂಪ್ಯೂಟರಿಗೆಲ್ಲ ವೈರಸ್ ಬಂದಿರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ಫ್ಯಾನಿಗೆ ಕಟ್ಟಿದ ದೂಳು ಸಾಕು ಯಂತ್ರ ತೆವಳಲು. ಅಂಥದ್ದಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಆಂಟಿವೈರಸ್ಸಿಗಿಂತ ಹೆಚ್ಚು ಗುಣ ಕಂಡೀತು.

ಸಂಶಯಪಡಬೇಕಾದ ಲಕ್ಷಣಗಳು ಬೇರೆ. ವಿಂಡೋಸ್ ಸೆಕ್ಯುರಿಟಿ ತೆರೆಯುವುದೇ ಇಲ್ಲ, ಅಥವಾ ಆಫ್ ಆಗಿದ್ದು ಆನ್ ಮಾಡಿದರೂ ನಿಲ್ಲುವುದಿಲ್ಲ. ಬ್ರೌಸರ್‌ನ ಮೊದಲ ಪುಟ ಬದಲಾಗಿರುತ್ತದೆ, ಸರಿಪಡಿಸಿದರೂ ಮರಳುತ್ತದೆ. ಸ್ವಂತ ಕಂಪ್ಯೂಟರಿನ ಕ್ರೋಮ್‌ನಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಾಣುತ್ತದೆ. ಏನೂ ಮಾಡದೆ ಬಿಟ್ಟಾಗ ಫ್ಯಾನ್ ಭರ್ರೆಂದು ತಿರುಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ. ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಕುತಂತ್ರಾಂಶಗಳಲ್ಲಿ ಕೆಲವು ಹೀಗೆ ತಲೆಮರೆಸಿಕೊಳ್ಳುತ್ತವೆ.

ಸ್ವಚ್ಛ ಮಾಡುವ ಕ್ರಮ

ಇಲ್ಲಿ ಏನು ಮಾಡುತ್ತೇವೆ ಎಂಬುದರಷ್ಟೇ ಯಾವುದನ್ನು ಮೊದಲು ಮಾಡುತ್ತೇವೆ ಎಂಬುದೂ ಮುಖ್ಯ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಕೀಳಿ. ಕದ್ದದ್ದನ್ನು ಹೊರಗೆ ಸಾಗಿಸುವ ದಾರಿ ಕಟ್ಟಾಗಲಿ. ಆ ಕಂಪ್ಯೂಟರಿನಿಂದ ಬ್ಯಾಂಕ್ ತೆರೆಯಬೇಡಿ. ಹೆದರಿ ಅಲ್ಲಿಂದಲೇ ಪಾಸ್‌ವರ್ಡ್ ಬದಲಿಸಲೂಬೇಡಿ, ಹೊಸದನ್ನೂ ಕಳ್ಳನ ಕೈಗಿಟ್ಟಂತಾಗುತ್ತದೆ. ಮುಖ್ಯ ದಾಖಲೆ, ಫೋಟೊಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ‘ಸೆಟಪ್’ ಫೈಲುಗಳನ್ನು, ಕ್ರ್ಯಾಕ್ ಫೋಲ್ಡರ್‌ಗಳನ್ನು ಮಾತ್ರ ಜೊತೆಗೆ ತರಬೇಡಿ.

ಎರಡನೆಯದಾಗಿ, ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ತೊಂದರೆ ಶುರುವಾದ ದಿನಗಳಲ್ಲಿ ಬಂದ ಅಪರಿಚಿತ ತಂತ್ರಾಂಶಗಳನ್ನು ತೆಗೆಯಿರಿ. ತೊಂದರೆಗೆ ಕಾರಣವಾದ ಕ್ರ್ಯಾಕ್ ಯಾವುದೆಂದು ನಿಮ್ಮ ಒಳಮನಸ್ಸಿಗೆ ಗೊತ್ತಿರುತ್ತದೆ. ಅದೂ ಹೋಗಲಿ. ಬ್ರೌಸರ್‌ನ ಎಕ್ಸ್‌ಟೆನ್ಶನ್‌ಗಳಲ್ಲಿ ನೀವು ಹಾಕದವನ್ನೆಲ್ಲ ಕಿತ್ತುಹಾಕಿ.

ಮೂರನೆಯದು ಸ್ಕ್ಯಾನ್. ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಮನೆಬಳಕೆಗೆ ಸಾಕು. ಅಪ್‌ಡೇಟ್ ಮಾಡಿಕೊಳ್ಳುವಷ್ಟು ಹೊತ್ತು ನೆಟ್ ಕೊಟ್ಟು, ‘ಫುಲ್ ಸ್ಕ್ಯಾನ್’ ನಡೆಸಿ. ಬಳಿಕ ‘ಸ್ಕ್ಯಾನ್ ಆಪ್ಶನ್ಸ್’ನಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ಮರಳಿ ಶುರುವಾಗಿ, ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮುಂಚೆಯೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ ಓಡುತ್ತಿರುವಾಗ ಬಚ್ಚಿಟ್ಟುಕೊಳ್ಳುವ ವೈರಸ್ ಈ ಹೊತ್ತಿನಲ್ಲಿ ಇನ್ನೂ ಎದ್ದಿರುವುದಿಲ್ಲ, ಹೀಗಾಗಿ ಸಿಕ್ಕಿಬೀಳುತ್ತದೆ. ಎರಡನೇ ಅಭಿಪ್ರಾಯ ಬೇಕಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಉಚಿತ ಸಾಧನಗಳಿವೆ. ಅವುಗಳನ್ನು ಒದಗಿಸುವ ಕಂಪನಿಗಳಲ್ಲಿ ನೆರೆಯ ಪುಣೆಯ ಕ್ವಿಕ್ ಹೀಲ್ ಕೂಡ ಒಂದು. ಸಾತಾರಾ ಜಿಲ್ಲೆಯ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರು ಮಾಡಿ, ತಮ್ಮ ಸಂಜಯ್ ಬರೆದ ವೈರಸ್ ನಿವಾರಕವನ್ನು ಮಾರುಕಟ್ಟೆಗೆ ತಂದು ಬೆಳೆಸಿದ ಕಂಪನಿ ಅದು. ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್‌ಗಳನ್ನು ಕಾಯಂ ಆಗಿ ಹಾಕಿಡಬೇಡಿ. ಎರಡೂ ಜಗಳಕ್ಕೆ ಬಿದ್ದು ಯಂತ್ರ ಸೊರಗುತ್ತದೆ.

ನಾಲ್ಕನೆಯದನ್ನು ಮನೆಯವರೂ ಮರೆಯುತ್ತಾರೆ, ಅಂಗಡಿಯವರೂ ಮರೆಯುತ್ತಾರೆ. ವೈರಸ್ ತಾನು ಮರಳಿ ಬರಲೆಂದು ಬಿಟ್ಟುಹೋದ ಕಿಂಡಿಗಳು ಇಲ್ಲಿವೆ. ಡಿಫೆಂಡರ್‌ನ ‘ಎಕ್ಸ್‌ಕ್ಲೂಶನ್ಸ್’ ಪಟ್ಟಿ ನೋಡಿ. ‘ಈ ಫೋಲ್ಡರನ್ನು ತಪಾಸಣೆ ಮಾಡಬೇಡ’ ಎಂದು ಕ್ರ್ಯಾಕ್‌ಗಳು ಅಲ್ಲಿ ಬರೆದಿಟ್ಟಿರುತ್ತವೆ. ಅದು ಇರುವವರೆಗೆ ನೂರು ಸಲ ಸ್ಕ್ಯಾನ್ ಮಾಡಿದರೂ ‘ಯಾವ ತೊಂದರೆಯೂ ಇಲ್ಲ’ ಎಂದೇ ಬರುತ್ತದೆ. ‘ಟಾಸ್ಕ್ ಶೆಡ್ಯೂಲರ್’ ಮತ್ತು ‘ಸ್ಟಾರ್ಟಪ್ ಆ್ಯಪ್ಸ್’ ನೋಡಿ. ಅಳಿಸಿದ ವೈರಸ್ ಮರುದಿನ ಬೆಳಿಗ್ಗೆ ಮತ್ತೆ ಹಾಜರಾಗುವುದು ಇವುಗಳ ದಯೆಯಿಂದ. ಪ್ರಾಕ್ಸಿ ಸೆಟ್ಟಿಂಗ್ ತಾನಾಗಿ ಆನ್ ಆಗಿದ್ದರೆ ಆಫ್ ಮಾಡಿ. ಕ್ರೋಮ್‌ನ ‘ಸಿಂಕ್’ ಕೂಡ ಒಂದು ಕಿಂಡಿ: ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಹಳೆಯ ಖಾತೆಗೆ ಲಾಗಿನ್ ಆದಾಗ ಕೆಟ್ಟ ಎಕ್ಸ್‌ಟೆನ್ಶನ್ ಮತ್ತೆ ಇಳಿಯುತ್ತದೆ. ಅದನ್ನು ಖಾತೆಯಿಂದಲೇ ತೆಗೆಯಬೇಕು.

ಕೊನೆಗೆ ಪಾಸ್‌ವರ್ಡ್. ಸ್ವಚ್ಛವಾದ ಬೇರೆ ಯಂತ್ರದಿಂದ ಮೊದಲು ಇಮೇಲ್, ನಂತರ ಬ್ಯಾಂಕ್, ನಂತರ ಉಳಿದವನ್ನು ಬದಲಿಸಿ. ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಕಳ್ಳನ ಬಳಿ ಇರುವ ಕುಕೀ ಕೆಲಸಕ್ಕೆ ಬಾರದಂತಾಗುವುದು ಸೈನ್ ಔಟ್ ಮಾಡಿದಾಗಲೇ.

ಅಂಗಡಿಯವರನ್ನು ಏನು ಕೇಳಬೇಕು?

ಸ್ಟೀಲರ್ ಅಥವಾ ರ‍್ಯಾನ್ಸಮ್‌ವೇರ್ ಹೊಕ್ಕಿದ್ದರೆ, ಇಲ್ಲವೇ ಇಷ್ಟೆಲ್ಲ ಮಾಡಿಯೂ ಕಾಟ ಮರಳಿದರೆ ಫಾರ್ಮ್ಯಾಟ್ ಮಾಡುವುದೇ ಸರಿ. ಆದರೆ ಯಾವುದರಿಂದ ಎಂಬುದು ಪ್ರಶ್ನೆ. ಕೆಲವು ಅಂಗಡಿಗಳಲ್ಲಿ ಯಾರೋ ತಯಾರಿಸಿದ ವಿಂಡೋಸ್ ನಕಲು ಒಂದೇ ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತದೆ. ಆಫೀಸ್ ಕ್ರ್ಯಾಕ್, ಆ್ಯಕ್ಟಿವೇಟರ್ ಎಲ್ಲ ಅದರಲ್ಲೇ ಇರುತ್ತವೆ. ಅದನ್ನು ಹಾಕಿದ ಕಂಪ್ಯೂಟರ್ ಮನೆಗೆ ಬರುವಾಗಲೇ ಬಾಗಿಲು ತೆರೆದುಕೊಂಡು ಬರುತ್ತದೆ.

ಆದ್ದರಿಂದ ಗಲ್ಲಾದ ಮುಂದೆ ನಿಂತು ಮೂರು ಮಾತು ಕೇಳಿ. “ವಿಂಡೋಸ್ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿದ್ದೇನ್ರಿ? ಆ್ಯಕ್ಟಿವೇಟರ್ ಹಾಕ್ತೀರೇನ್ರಿ? ನನ್ನ ಫೈಲ್ ಎಲ್ಲಿ ಕಾಪಿ ಮಾಡಿ ಇಡ್ತೀರಿ, ಆಮ್ಯಾಲ ಅಳಿಸ್ತೀರೇನ್ರಿ?” ಚೆನ್ನಾಗಿ ಕೆಲಸ ಬಲ್ಲವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆಗಿದ್ದರೆ ಆ್ಯಕ್ಟಿವೇಟರ್ ಬೇಕಾಗಿಯೇ ಇಲ್ಲ. ಲೈಸೆನ್ಸ್ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ನೆಟ್ ಸಿಕ್ಕ ಕೂಡಲೇ ತಾನಾಗಿ ಸಕ್ರಿಯವಾಗುತ್ತದೆ. ಕೈ ಪಳಗಿದವರು ಮನೆಯಲ್ಲೇ ಮಾಡಬಹುದು: ಸ್ವಚ್ಛ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಶನ್ ಟೂಲ್’ ಮತ್ತು 8 ಜಿಬಿಯ ಒಂದು ಪೆನ್‌ಡ್ರೈವ್ ಇದ್ದರಾಯಿತು.

ಮರಳಿ ಬಾರದಂತೆ

ನಮ್ಮ ಕಡೆ ಅಪ್‌ಡೇಟ್ ಎಂದರೆ ಶತ್ರು. ಕಾರಣಗಳೂ ಇವೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುವುದೋ ಹೇಳಲಾಗದು. ಅರ್ಧಕ್ಕೆ ನಿಂತ ಅಪ್‌ಡೇಟ್ ಒಮ್ಮೆ ಕಂಪ್ಯೂಟರ್ ಕೆಡಿಸಿದರೆ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ಮುಗಿಯುತ್ತದೆಂದು ‘ಮೀಟರ್ಡ್ ಕನೆಕ್ಷನ್’ ಹಾಕಿಟ್ಟು ಅಪ್‌ಡೇಟ್ ತಡೆಯುವವರೂ ಇದ್ದಾರೆ. ಆದರೆ 2017ರ ಮೇ 12ರಂದು ದಾಳಿಯಿಟ್ಟ ‘ವಾನಾಕ್ರೈ’ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಬೀಗ ಹಾಕಿದಾಗ, ಅದನ್ನು ತಡೆಯುವ ಅಪ್‌ಡೇಟ್ ಬಂದು ಸುಮಾರು ಎರಡು ತಿಂಗಳಾಗಿತ್ತು. ಮಾರ್ಚ್ 14ರಂದೇ ಮೈಕ್ರೋಸಾಫ್ಟ್ ಅದನ್ನು ಬಿಟ್ಟಿತ್ತು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುತ್ತದೆ. ಆ ವಾರದ ಒಂದು ಸಂಜೆ, ಬ್ಯಾಟರಿ ತುಂಬಿದ ಲ್ಯಾಪ್‌ಟಾಪನ್ನು ಒಳ್ಳೆಯ ವೈಫೈ ಇರುವಲ್ಲಿ ಇಟ್ಟು ಮುಗಿಸಿಬಿಡಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಯೋಜನೆಗೆ ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆಂದು ಕಂಪನಿ ಪ್ರಕಟಿಸಿತ್ತು. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರವಾದರೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಉಚಿತ, ಹಗುರ, ಕನ್ನಡವನ್ನೂ ಬರೆಯಬಹುದು. ವಿಂಡೋಸ್‌ಗೆಂದು ಬರೆದ ಶಾರ್ಟ್‌ಕಟ್ ವೈರಸ್‌ಗಳಿಗೆ ಅಲ್ಲಿ ಕೆಲಸವಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಎರಡು ಖಾತೆ ಮಾಡಿ. ‘ಅಡ್ಮಿನ್’ ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರ ಬಳಿ ಇರಲಿ. ದಿನದ ಕೆಲಸ, ಮಕ್ಕಳ ಆಟಪಾಠ ಎಲ್ಲ ‘ಸ್ಟ್ಯಾಂಡರ್ಡ್’ ಖಾತೆಯಲ್ಲಿ ನಡೆಯಲಿ. ಹೊಸದೇನಾದರೂ ಯಂತ್ರದೊಳಕ್ಕೆ ಇಳಿಯಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ, ಕೇಳಿದಾಗ ಒಂದು ಕ್ಷಣ ಯೋಚಿಸುವಂತಾಗುತ್ತದೆ. ಎಲ್ಲವನ್ನೂ ಇದು ತಡೆಯಲಾರದು, ಬಹಳಷ್ಟನ್ನು ತಡೆಯುತ್ತದೆ. ಫೈಲ್‌ಗಳ ಪೂರ್ತಿ ಹೆಸರು ಕಾಣುವಂತೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿ. ಪಿಡಿಎಫ್ ವೇಷದಲ್ಲಿ ಬಂದ ‘ಇಎಕ್ಸ್‌ಇ’ಯ ಬಾಲ ಆಗ ಕಣ್ಣಿಗೆ ಬೀಳುತ್ತದೆ. ಲಗ್ನಪತ್ರಿಕೆ, ಟ್ರಾಫಿಕ್ ದಂಡದ ನೋಟಿಸ್ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ‘ಎಪಿಕೆ’ ಫೈಲ್ ಮೊಬೈಲಿಗೆ ಇದೇ ಆಟ ಆಡುತ್ತದೆ. ಪತ್ರಿಕೆ ಎಂದೂ ಎಪಿಕೆ ರೂಪದಲ್ಲಿ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ರಕ್ಷೆ ಬ್ಯಾಕಪ್. ಮುಖ್ಯವಾದದ್ದರ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ ಎಂಬುದು ಬಲ್ಲವರ ಸೂತ್ರ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಸದಾ ಚುಚ್ಚಿಟ್ಟಿದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ನಕಲು ಮುಗಿದ ಮೇಲೆ ಕಿತ್ತು ಕಪಾಟಿನಲ್ಲಿಡಿ.

ಹಣ ಹೋಗಿದ್ದರೆ

ಖಾತೆಯಿಂದ ಹಣ ಹೋದದ್ದು ಗೊತ್ತಾದ ಕೂಡಲೇ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತ ಹೋಗುತ್ತದೆ, ತಡೆಯುವುದು ಕಷ್ಟವಾಗುತ್ತದೆ. ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಬೆಳಗಾವಿಯಲ್ಲಿ ಇಂಥ ದೂರುಗಳನ್ನು ನೋಡಿಕೊಳ್ಳುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದಂತೆ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಮೂರನೆಯವರಿಂದ ಆದ ವಂಚನೆಯಾದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ಒಟಿಪಿಯನ್ನೋ ಪಾಸ್‌ವರ್ಡನ್ನೋ ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ನಾಚಿಕೊಂಡು ಸುಮ್ಮನಿರುವುದೇ ದುಬಾರಿ. ಮನೆಯ ಹಿರಿಯರಿಗೆ, ಹರೆಯದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ: ತಪ್ಪು ಗುಂಡಿ ಒತ್ತಿದರೆ ಯಾರೂ ಬೈಯುವುದಿಲ್ಲ, ಮುಚ್ಚಿಡಬೇಡಿ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಡಿಫೆಂಡರ್‌ನ ಎಕ್ಸ್‌ಕ್ಲೂಶನ್ಸ್ ಪಟ್ಟಿ ಖಾಲಿ ಇದೆಯೇ ನೋಡಿ, ಬ್ರೌಸರ್‌ನ ನೋಟಿಫಿಕೇಶನ್ ಪಟ್ಟಿ ತೊಳೆಯಿರಿ, ಒಂದು ಆಫ್‌ಲೈನ್ ಸ್ಕ್ಯಾನ್ ಮಾಡಿ, ಮುಖ್ಯ ಫೋಟೊ ಮತ್ತು ದಾಖಲೆಗಳನ್ನು ಒಂದು ಡಿಸ್ಕಿಗೆ ನಕಲು ಮಾಡಿ ಎತ್ತಿಡಿ. ಈ ನಾಲ್ಕಕ್ಕೂ ನಯಾಪೈಸೆ ಖರ್ಚಿಲ್ಲ. ಇಷ್ಟು ಮಾಡಿದ ಮನೆಯವರು ಫಾರ್ಮ್ಯಾಟ್ ಹೊಡೆಸಲು ಅಂಗಡಿಯ ಮೆಟ್ಟಿಲು ಹತ್ತುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ.